ಮೈನಸ್ 20ರ ಚಳಿಯಲ್ಲಿ ಒಣಗಿದ ಮನೆ: ಯಾವ ಹ್ಯೂಮಿಡಿಫೈಯರ್ ಕೊಳ್ಳಲಿ, ಹೇಗೆ ನೋಡಿಕೊಳ್ಳಲಿ?

ತುಂಗಾತೀರ (ಮಿನಿಯಾಪೊಲಿಸ್) · ಡಿಸೆಂಬರ್ 6

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಇಲ್ಲಿಗೆ ಬಂದು ನಮಗಿದು ಎರಡನೆಯ ಚಳಿಗಾಲ. ಹೋದ ವರ್ಷ ಅಪಾರ್ಟ್‌ಮೆಂಟಿನಲ್ಲಿದ್ದಾಗ ಇಷ್ಟು ತೊಂದರೆ ಆಗಿರಲಿಲ್ಲ. ಈ ವರ್ಷ ಹಳೆಯ ಕಾಲದ ಒಂಟಿ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇವೆ. ನೆಲಮಾಳಿಗೆಯಲ್ಲಿ ಗ್ಯಾಸಿನ ಫರ್ನೇಸ್, ಅಲ್ಲಿಂದ ಕೋಣೆಕೋಣೆಗೂ ಕೊಳವೆಯಲ್ಲಿ ಬಿಸಿಗಾಳಿ. ಕಳೆದ ವಾರ ಚಳಿ ಮೈನಸ್ 20ಕ್ಕೆ ಇಳಿದಾಗಿನಿಂದ ಆರು ವರ್ಷದ ಮಗನ ಮೂಗಿನಿಂದ ರಕ್ತ ಬರುತ್ತಿದೆ. ನಾಲ್ಕು ದಿನಗಳಲ್ಲಿ ಮೂರು ಬೆಳಗು ದಿಂಬಿನ ಮೇಲೆ ಕಲೆ ಕಂಡು ನನಗೆ ಕೈಕಾಲೇ ಆಡಲಿಲ್ಲ. ವೈದ್ಯರು ನೋಡಿ, ಗಾಳಿ ಒಣಗಿದ್ದರಿಂದ ಮೂಗಿನ ಒಳಪೊರೆ ಬಿರಿದಿದೆ, ಬೇರೇನೂ ಇಲ್ಲ, ಮಲಗುವ ಕೋಣೆಯಲ್ಲಿ ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ಯಂತ್ರ, ಇಡಿ ಎಂದರು.

ಅಮ್ಮ ಊರಿನಿಂದ ಬಂದಿದ್ದಾರೆ. ಅವರ ಹಿಮ್ಮಡಿ ಒಡೆದು ಕಾಲುಚೀಲಕ್ಕೆ ಅಂಟುತ್ತಿದೆ. ಹರಳೆಣ್ಣೆ ಹಚ್ಚಿದರೂ ಬೆಳಗಾಗುವಷ್ಟರಲ್ಲಿ ಚರ್ಮ ಮತ್ತೆ ಒಣಗಿರುತ್ತದೆ. ಗಾಳಿಗೆ ತೇವ ಸೇರಲಿ ಎಂದು ಅವರು ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟಿರುತ್ತಾರೆ. ಅಂಗಡಿಗೆ ಹೋದರೆ ತಣ್ಣನೆಯ ಮಂಜು, ಬಿಸಿ ಮಂಜು, ಬತ್ತಿಯದು, ಬತ್ತಿಯಿಲ್ಲದ್ದು ಎಂದು ಇಡೀ ಒಂದು ಸಾಲೇ ಇದೆ. ಯಾವುದನ್ನು ತೆಗೆದುಕೊಳ್ಳಲಿ? ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಬಿಳಿಹೊಲ (ವಿನಿಪೆಗ್) · ಡಿಸೆಂಬರ್ 6

ಅಕ್ಕ, ಯಂತ್ರಕ್ಕಿಂತ ಮೊದಲು ಒಂದು ತೇವಾಂಶ ಮಾಪಕ ತನ್ನಿ. ಹೈಗ್ರೋಮೀಟರ್ ಎಂದು ಕೇಳಿದರೆ ಕೊಡುತ್ತಾರೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಹೆಚ್ಚು ಬೆಲೆಯಿಲ್ಲ. ಅದಿಲ್ಲದೆ ಹ್ಯೂಮಿಡಿಫೈಯರ್ ನಡೆಸುವುದು ಥರ್ಮಾಮೀಟರ್ ಇಲ್ಲದೆ ಜ್ವರಕ್ಕೆ ಔಷಧ ಕೊಟ್ಟ ಹಾಗೆ. ನಾನು ಮೊದಲ ವರ್ಷ ಅದನ್ನೇ ಮಾಡಿ ಕಿಟಕಿಯ ಚೌಕಟ್ಟನ್ನು ಕೊಳೆಸಿಕೊಂಡೆ.

ತಂದ ಮೇಲೆ ಅದು ಸರಿಯಾಗಿ ತೋರಿಸುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ನೀರಿನ ಬಾಟಲಿಯ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ಕಲಸಿ. ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳವನ್ನೂ ಮಾಪಕವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದು ಶೇ 75 ತೋರಿಸಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವ ಮನೆಯ ಉಷ್ಣಾಂಶದಲ್ಲಿ ಯಾವಾಗಲೂ ಅಷ್ಟೇ ಇರುತ್ತದೆ. ನನ್ನದು 70 ತೋರಿಸಿತು, ಅಂದಿನಿಂದ ಐದು ಸೇರಿಸಿ ಓದುತ್ತೇನೆ.

ಗಾಳಿ ಇಷ್ಟೊಂದು ಒಣಗುವುದು ಏಕೆಂದರೆ, ಮೈನಸ್ 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 1 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಅದೇ ಗಾಳಿ ಬಾಗಿಲ ಸಂದಿಯಿಂದ ಒಳಗೆ ಬಂದು 21 ಡಿಗ್ರಿಗೆ ಬಿಸಿಯಾದಾಗ 18 ಗ್ರಾಂ ಹಿಡಿಯುವ ಶಕ್ತಿ ಪಡೆಯುತ್ತದೆ. ಒಳಗಿರುವುದು ಮಾತ್ರ ಅದೇ 1 ಗ್ರಾಂ, ಅಂದರೆ ಶೇ 5ರಿಂದ 6. ನಾವು ಉಸಿರಾಡುವುದು, ಅನ್ನ ಸಾರು ಕುದಿಸುವುದು, ಸ್ನಾನ ಮಾಡುವುದು ಸೇರಿ ಅದು 15ಕ್ಕೋ 20ಕ್ಕೋ ಏರುತ್ತದೆ. ಫರ್ನೇಸ್ ನೀರನ್ನು ಸುಟ್ಟುಬಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ, ನೀರು ಆ ಗಾಳಿಯಲ್ಲಿ ಮೊದಲೇ ಇರಲಿಲ್ಲ. ಹೊರಗಿನ ಗಾಳಿ ಎಷ್ಟು ನುಗ್ಗುತ್ತದೆಯೋ ಮನೆ ಅಷ್ಟು ಒಣಗುತ್ತದೆ. ಆದ್ದರಿಂದ ಕಿಟಕಿ ಬಾಗಿಲುಗಳ ಸಂದಿಗೆ ಪಟ್ಟಿ ಅಂಟಿಸುವುದು ಅರ್ಧ ಹ್ಯೂಮಿಡಿಫೈಯರ್ ಕೊಂಡಂತೆ. ಹಳೆಯ ಒಂಟಿ ಮನೆಗೆ ಬಂದ ಮೇಲೆ ತೊಂದರೆ ಶುರುವಾಯಿತು ಎಂದಿರಲ್ಲ, ಕಾರಣ ಇದೇ ಇರಬೇಕು.

ಮಲ್ಲಿಗೆಬಳ್ಳಿ (ಶಿಕಾಗೊ) · ಡಿಸೆಂಬರ್ 7

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಮೊದಲು ಮಗುವಿನ ಮಾತು. ರಕ್ತ ಬಂದಾಗ ನಮ್ಮೂರಿನಲ್ಲಿ ತಲೆಯನ್ನು ಹಿಂದಕ್ಕೆ ಬಾಗಿಸಿ ನೆತ್ತಿಗೆ ನೀರು ತಟ್ಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ರಕ್ತ ಗಂಟಲಿಗೆ ಇಳಿದು ವಾಂತಿಯಾಗುತ್ತದೆ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಿನಿಂದ ಗಡಿಯಾರ ನೋಡಿಕೊಂಡು 10 ನಿಮಿಷ ಒತ್ತಿ ಹಿಡಿಯಿರಿ. ನಡುವೆ ನಿಂತಿತೇ ಎಂದು ತೆಗೆದು ನೋಡಬಾರದು. ಇನ್ನೊಂದು ಸಲ ಒತ್ತಿ ಹಿಡಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಮಲಗುವ ಮುನ್ನ ಉಪ್ಪು ನೀರಿನ ಮೂಗಿನ ಸ್ಪ್ರೇ ಬಳಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ನಮ್ಮಲ್ಲಿ ಸಾಮಾನ್ಯವಾಗಿ ಅದನ್ನೇ ಹೇಳುತ್ತೇವೆ.

ಇನ್ನು ಯಂತ್ರ. ಮಕ್ಕಳಿರುವ ಕೋಣೆಗೆ ನೀರು ಕುದಿಸಿ ಹಬೆ ಬಿಡುವ ಬಗೆ ಬೇಡ. ರಾತ್ರಿ ಎದ್ದ ಮಗು ವೈರಿಗೆ ಕಾಲು ತಗುಲಿಸಿ ಅದನ್ನು ಮೈಮೇಲೆ ಬೀಳಿಸಿಕೊಂಡ ಸುಟ್ಟಗಾಯಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಮ್ಮನವರಿಗೂ ಹೇಳಿ: ಒಲೆಯ ಮೇಲೆ ಪಾತ್ರೆ ಇಟ್ಟು ಮರೆಯುವುದು ಅಪಾಯ. ಜೊತೆಗೆ ಗ್ಯಾಸ್ ಒಲೆ ಗಂಟೆಗಟ್ಟಲೆ ಉರಿದರೆ ನೈಟ್ರೋಜನ್ ಡೈಆಕ್ಸೈಡ್ ಮನೆಯಲ್ಲೇ ತುಂಬಿಕೊಂಡು, ಒಣಗಾಳಿಗಿಂತ ಅದೇ ಎದೆಗೆ ಹೆಚ್ಚು ಕೆಡುಕು ಮಾಡುತ್ತದೆ.

ಹಳೆಸೇತುವೆ (ಎಡ್ಮಂಟನ್) · ಡಿಸೆಂಬರ್ 7

ಹನ್ನೊಂದು ಚಳಿಗಾಲ ಕಳೆದು ನಾಲ್ಕು ಯಂತ್ರ ಬದಲಿಸಿದ ಅನುಭವದಿಂದ ಬರೆಯುತ್ತಿದ್ದೇನೆ. ಮಲ್ಲಿಗೆಬಳ್ಳಿಯವರು ಹೇಳಿದ ಹಬೆಯದನ್ನು ಬಿಟ್ಟರೆ ನಿಮ್ಮ ಮುಂದೆ ಇರುವುದು ಮುಖ್ಯವಾಗಿ ಎರಡು ಬಗೆ.

ಒಂದು ಅಲ್ಟ್ರಾಸಾನಿಕ್. ನೀರಿನ ತಳದಲ್ಲಿ ಒಂದು ಪುಟ್ಟ ಬಿಲ್ಲೆ ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುತ್ತದೆ. ಆ ಕಂಪನಕ್ಕೆ ನೀರು ಮಂಜಾಗಿ ಸಿಡಿಯುತ್ತದೆ. ಬಿಳಿ ಹೊಗೆ ಮೇಲೇಳುವುದು ನೋಡಲು ಚೆನ್ನ, ಸದ್ದೂ ಇಲ್ಲ. ಆದರೆ ಅದು ಆವಿಯಲ್ಲ, ನೀರಿನ ಹನಿ. ನೀರಿನಲ್ಲಿ ಏನಿದೆಯೋ ಎಲ್ಲವೂ ಹನಿಯ ಜೊತೆ ಹಾರುತ್ತದೆ. ನಲ್ಲಿ ನೀರಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ಖನಿಜವಿದೆ ಎಂದುಕೊಳ್ಳಿ. ಒಂದು ರಾತ್ರಿಗೆ 4 ಲೀಟರ್ ಖರ್ಚಾದರೆ 600 ಮಿಲಿಗ್ರಾಂ ಬಿಳಿ ಪುಡಿ ಕೋಣೆಯ ಗಾಳಿಗೆ, ಮಗುವಿನ ಉಸಿರಿಗೆ ಹೋಯಿತು. ಕಪ್ಪು ಟಿವಿಯ ಮೇಲೆ ಬೆರಳಾಡಿಸಿದರೆ ರಂಗೋಲಿ ಪುಡಿಯಂತೆ ಹತ್ತುತ್ತದೆ. ಪಕ್ಕದಲ್ಲಿ ಏರ್ ಪ್ಯೂರಿಫೈಯರ್ ಇದ್ದರೆ ಅದರ ದೀಪ ಕೆಂಪಾಗುತ್ತದೆ. ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದರೆ ಅದೂ ಹೀಗೆಯೇ ಹಾರುತ್ತದೆ.

ಇನ್ನೊಂದು ಬತ್ತಿಯದು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಕಾಗದದ ದಪ್ಪ ಬತ್ತಿ ನೀರನ್ನು ಹೀರಿಕೊಂಡು ನಿಂತಿರುತ್ತದೆ, ಫ್ಯಾನ್ ಅದರ ಮೂಲಕ ಗಾಳಿ ಎಳೆಯುತ್ತದೆ. ಹೊರಬರುವುದು ಕಣ್ಣಿಗೆ ಕಾಣದ ಶುದ್ಧ ಆವಿ. ಖನಿಜ ಬತ್ತಿಯಲ್ಲೇ ಉಳಿಯುತ್ತದೆ. ಕೋಣೆಯಲ್ಲಿ ತೇವ ಹೆಚ್ಚಿದಂತೆ ಒದ್ದೆ ಬಟ್ಟೆ ನಿಧಾನವಾಗಿ ಒಣಗುವಂತೆ ಇದರ ವೇಗವೂ ತಾನಾಗಿ ತಗ್ಗುತ್ತದೆ, ಹಾಗಾಗಿ ಗೋಡೆ ನೆನೆಸುವ ಭಯ ಕಡಿಮೆ. ಫ್ಯಾನಿನ ಸದ್ದು ಇರುತ್ತದೆ, ಒಂದೆರಡು ತಿಂಗಳಿಗೊಮ್ಮೆ ಬತ್ತಿ ಬದಲಿಸಬೇಕು, ಆ ಖರ್ಚು ಇದೆ. ನಲ್ಲಿ ನೀರು ಹಾಕುವವರಿಗೆ, ಅದರಲ್ಲೂ ಮಕ್ಕಳ ಕೋಣೆಗೆ, ನಾನು ಯೋಚಿಸದೆ ಇದನ್ನೇ ಹೇಳುತ್ತೇನೆ.

ಇಬ್ಬನಿ (ರಾಚೆಸ್ಟರ್, ನ್ಯೂಯಾರ್ಕ್) · ಡಿಸೆಂಬರ್ 8

ಹಳೆಸೇತುವೆ ಸರ್, ನಿಮ್ಮ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ನನ್ನ ಮಗಳಿಗೆ ಎಂಟು ತಿಂಗಳು. ಬತ್ತಿಯ ಯಂತ್ರದ ಫ್ಯಾನ್ ಸದ್ದಿಗೆ ಅವಳು ಎದ್ದುಬಿಡುತ್ತಿದ್ದಳು. ಈಗ ಅಲ್ಟ್ರಾಸಾನಿಕ್ ಬಳಸುತ್ತೇನೆ, ಆದರೆ ಬಟ್ಟಿ ಇಳಿಸಿದ ನೀರು ಬಿಟ್ಟು ಬೇರೇನೂ ಹಾಕುವುದಿಲ್ಲ. ಒಂದು ಚೂರು ಬಿಳಿ ಪುಡಿಯೂ ಇಲ್ಲ. ದಿನಕ್ಕೊಂದು ಗ್ಯಾಲನ್ (ಸುಮಾರು 3.8 ಲೀಟರ್) ಕ್ಯಾನ್ ಹೊತ್ತು ತರುವುದು ಕಷ್ಟ, ದುಬಾರಿ ಕೂಡ, ಆದರೆ ಮಗು ನಿದ್ದೆ ಮಾಡುತ್ತದೆ. ಬತ್ತಿಯ ಯಂತ್ರವನ್ನು ತೊಳೆಯದೆ ಬಿಟ್ಟರೆ ಬತ್ತಿಯೇ ಬೂಷ್ಟು ಹಿಡಿದು ನಾರುತ್ತದೆ, ಅದನ್ನೂ ಹೇಳಬೇಕಲ್ಲವೇ?

ಹಳೆಸೇತುವೆ · ಡಿಸೆಂಬರ್ 8

ಇಬ್ಬನಿ ಅವರೇ, ಬಟ್ಟಿ ಇಳಿಸಿದ ನೀರನ್ನು ತಪ್ಪದೆ ಹಾಕುವುದಾದರೆ ನನ್ನ ತಕರಾರಿಲ್ಲ. ಮೊದಲ ವಾರ ಹಾಕಿ ಆಮೇಲೆ ನಲ್ಲಿಗೆ ಹೋಗುವವರೇ ಬಹಳ. ಒಂದು ತಪ್ಪು ತಿಳಿವಳಿಕೆ ಮಾತ್ರ ದೂರವಾಗಲಿ: ಕುದಿಸಿ ಆರಿಸಿದ ನೀರಿನಿಂದ ಖನಿಜ ಹೋಗುವುದಿಲ್ಲ. ಗಡಸು ನೀರನ್ನು ಮೆದು ಮಾಡುವ ಯಂತ್ರದಿಂದಲೂ ಹೋಗುವುದಿಲ್ಲ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ, ಪುಡಿ ಹಾಗೆಯೇ ಬೀಳುತ್ತದೆ. ಆರ್‌ಒ ನೀರು ಪರವಾಗಿಲ್ಲ. ಬತ್ತಿ ನಾರುವ ವಿಚಾರ ನಿಜ, ತೊಳೆಯುವ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.

ತುಂಗಾತೀರ · ಡಿಸೆಂಬರ್ 13

ಎಲ್ಲರಿಗೂ ತುಂಬಾ ಧನ್ಯವಾದ. ಒಂದು ತಪ್ಪು ಆಗಿಹೋಯಿತು. ಹಳೆಸೇತುವೆಯವರ ಬರಹ ಓದುವ ಮೊದಲೇ ನಮ್ಮವರು ರಿಯಾಯಿತಿಯಲ್ಲಿ ಸಿಕ್ಕಿತೆಂದು ದೊಡ್ಡ ಅಲ್ಟ್ರಾಸಾನಿಕ್ ತಂದುಬಿಟ್ಟಿದ್ದರು. ಮಾಪಕವನ್ನೂ ತಂದೆವು, ಉಪ್ಪಿನ ಪರೀಕ್ಷೆಯಲ್ಲಿ 74 ತೋರಿಸಿತು. ಯಂತ್ರ ಹಾಕುವ ಮೊದಲು ಮಗನ ಕೋಣೆಯಲ್ಲಿ ತೇವ ಶೇ 16 ಇತ್ತು. ಪೂರ್ತಿ ವೇಗದಲ್ಲಿಟ್ಟು ಮೂರು ರಾತ್ರಿ ಓಡಿಸಿದೆವು, 52ಕ್ಕೆ ಏರಿತು. ಮೂಗಿನ ರಕ್ತ ನಿಂತಿತು ಎಂದು ನೆಮ್ಮದಿಯಿಂದ ಇದ್ದೆ.

ಇವತ್ತು ಬೆಳಿಗ್ಗೆ ಪರದೆ ಸರಿಸಿದರೆ ಕಿಟಕಿಯ ಗಾಜಿನ ಕೆಳಭಾಗದಲ್ಲಿ ಬೆರಳು ದಪ್ಪದ ಮಂಜುಗಡ್ಡೆ ಕಟ್ಟಿದೆ. ಮೇಲಿನಿಂದ ನೀರು ಸುರಿದು ಮರದ ಹಲಗೆಯ ಮೇಲೆ ನಿಂತಿದೆ. ಮಂಚದ ಹಿಂದಿನ ಮೂಲೆಯಲ್ಲಿ ಗೋಡೆ ಮುಟ್ಟಿದರೆ ಒದ್ದೆ, ಆಗಲೇ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳಿವೆ. ಬಾಡಿಗೆ ಮನೆ, ಗಾಬರಿಯಾಗಿದೆ.

ಗಾಳಿಕೊಳವೆ (ಮಿಸ್ಸಿಸಾಗಾ) · ಡಿಸೆಂಬರ್ 13

ಮೇಡಂ, ಫರ್ನೇಸ್ ಕೂರಿಸುವುದು, ರಿಪೇರಿ ಮಾಡುವುದು ನನ್ನ ಕಸುಬು. ಈಗಲೇ ಯಂತ್ರ ನಿಲ್ಲಿಸಿ, ಗಾಜನ್ನೂ ಹಲಗೆಯನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, ಮಂಚವನ್ನು ಹೊರಗೋಡೆಯಿಂದ ಒಂದು ಅಡಿ ಈಚೆಗೆ ಎಳೆದು ಅಲ್ಲಿ ಗಾಳಿ ಆಡುವಂತೆ ಮಾಡಿ. ಆ ಚುಕ್ಕೆಗಳನ್ನು ಸಾಬೂನು ನೀರಿನಲ್ಲಿ ಒರೆಸಿ ಒಣಗಿಸಿದರೆ ಸಾಕು, ಇನ್ನೂ ಮೊದಲ ಹಂತ.

ಶೇ 30ರಿಂದ 50 ಒಳ್ಳೆಯದು ಎಂದು ಎಲ್ಲೆಲ್ಲೂ ಓದುತ್ತೀರಿ. ಅದು ಮೈಗೆ ಹಿತವಾದ ಅಂಕಿ. ನಿಮ್ಮ ಕಿಟಕಿಗೆ ಹಿತವಾದ ಅಂಕಿ ಬೇರೆ, ಅದನ್ನು ಹೊರಗಿನ ಚಳಿ ನಿರ್ಧರಿಸುತ್ತದೆ. ಎರಡು ಪದರದ ಗಾಜಿನ ಸಾಮಾನ್ಯ ಕಿಟಕಿಗೆ ನಾವು ಇಟ್ಟುಕೊಳ್ಳುವ ಲೆಕ್ಕ ಇದು: ಹೊರಗೆ ಮೈನಸ್ 7ಕ್ಕಿಂತ ಬೆಚ್ಚಗಿದ್ದರೆ ಒಳಗೆ 40ರವರೆಗೆ ಇರಬಹುದು. ಮೈನಸ್ 12ರವರೆಗೆ 35, ಮೈನಸ್ 18ರವರೆಗೆ 30, ಮೈನಸ್ 23ರವರೆಗೆ 25, ಮೈನಸ್ 29ರವರೆಗೆ 20, ಅದಕ್ಕೂ ಕೆಳಗೆ 15. ನೀವು ಮೈನಸ್ 20ರಲ್ಲಿ 52 ಇಟ್ಟಿದ್ದೀರಿ, ಗಾಜು ನೀರು ಸುರಿಸದೆ ಇನ್ನೇನು ಮಾಡೀತು? ಕಣ್ಣಿಗೆ ಕಾಣದ ಕಡೆಯೂ, ಗೋಡೆಯೊಳಗೆ, ಅಟ್ಟದ ಮೇಲೆ, ಅದೇ ನೀರು ಹೆಪ್ಪುಗಟ್ಟುತ್ತದೆ. ವಸಂತ ಬಂದಾಗ ಕರಗಿ ಛಾವಣಿಯಿಂದ ತೊಟ್ಟಿಕ್ಕುತ್ತದೆ. ಮಾರ್ಚಿನಲ್ಲಿ ಸೂರು ಸೋರುತ್ತಿದೆ ಎಂದು ನನ್ನನ್ನು ಕರೆದ ಮನೆಗಳಲ್ಲಿ ಕೆಲವಕ್ಕೆ ಸೂರಿನ ದೋಷವೇ ಇರಲಿಲ್ಲ.

16ರಿಂದ 25ಕ್ಕೆ ಬಂದರೂ ಮೂಗಿಗೆ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ. 50ರ ಆಸೆ ಬಿಡಿ.

ಇನ್ನೊಂದು ಪ್ರಶ್ನೆ. ನೆಲಮಾಳಿಗೆಗೆ ಹೋಗಿ ಫರ್ನೇಸ್ ಪಕ್ಕದ ದೊಡ್ಡ ತಗಡಿನ ಕೊಳವೆಗೆ ಅಂಟಿಕೊಂಡು ಒಂದು ಪೆಟ್ಟಿಗೆ ಇದೆಯೇ ನೋಡುವಿರಾ? ಹೆಚ್ಚುಕಡಿಮೆ ಶೂ ಪೆಟ್ಟಿಗೆಯಷ್ಟು ದಪ್ಪ, ಅದರಿಂದ ಅಗಲವಾದ ಒಂದು ಕೊಳವೆ ಇನ್ನೊಂದು ಬದಿಗೆ ಹೋಗಿರುತ್ತದೆ, ಬಳಪದಷ್ಟು ಸಣ್ಣ ತಾಮ್ರದ ನೀರಿನ ಕೊಳವೆ ಬಂದು ಸೇರಿರುತ್ತದೆ. ನಿಮ್ಮ ಕಡೆಯ ಹಳೆಯ ಮನೆಗಳಲ್ಲಿ ಇರುವುದು ಉಂಟು.

ತುಂಗಾತೀರ · ಡಿಸೆಂಬರ್ 15

ಇದೆ! ಎರಡು ತಿಂಗಳಿಂದ ಅದರ ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದೇನೆ, ಏನೆಂದು ಗೊತ್ತಿರಲಿಲ್ಲ. ಮುಚ್ಚಳ ತೆಗೆದು ನೋಡಿದೆವು. ಒಳಗೆ ಜೇನುಗೂಡಿನಂಥ ತಗಡಿನ ಜಾಲರಿಯ ಹಲಗೆ, ತುಂಬ ಸುಣ್ಣ ಕಟ್ಟಿ ಇಟ್ಟಿಗೆಯಂತೆ ಬಿರುಸಾಗಿದೆ. ಮುಟ್ಟಿದರೆ ಪದರಪದರವಾಗಿ ಉದುರಿತು. ನೀರಿನ ಪುಟ್ಟ ನಲ್ಲಿ ಬಂದ್ ಆಗಿದೆ. ಅಡ್ಡ ಕೊಳವೆಯ ಮೇಲಿನ ಹಿಡಿಯನ್ನು ಬೇಸಿಗೆ ಎಂದು ಬರೆದ ಕಡೆಗೆ ತಿರುಗಿಸಿಟ್ಟಿದ್ದಾರೆ. ಮುಟ್ಟಲು ಭಯ, ಮನೆ ಮಾಲೀಕರಿಗೆ ಚಿತ್ರ ಕಳುಹಿಸಿದ್ದೇನೆ.

ಗಾಳಿಕೊಳವೆ · ಡಿಸೆಂಬರ್ 15

ಭಯ ಬೇಡ, ಮಾಲೀಕರಿಗೆ ತಿಳಿಸಿದ್ದು ಸರಿ. ಅದು ಫರ್ನೇಸಿಗೆ ಜೋಡಿಸಿದ, ಇಡೀ ಮನೆಗೆ ತೇವ ಕೊಡುವ ಹ್ಯೂಮಿಡಿಫೈಯರ್. ಆ ಹಲಗೆಯನ್ನು ಪ್ರತಿ ಚಳಿಗಾಲದ ಆರಂಭದಲ್ಲಿ ಬದಲಿಸಬೇಕು, ನಿಮ್ಮದನ್ನು ಹಲವು ವರ್ಷಗಳಿಂದ ಯಾರೂ ನೋಡಿಲ್ಲ. ಮೇಲಿನಿಂದ ನೀರು ಹಲಗೆಯ ಮೇಲೆ ಇಳಿಯುತ್ತದೆ, ಫರ್ನೇಸಿನ ಬಿಸಿಗಾಳಿ ಅದರೊಳಗೆ ಹಾದು ಆವಿ ಹೊತ್ತುಕೊಂಡು ಮನೆಯೆಲ್ಲ ಹರಡುತ್ತದೆ, ಉಳಿದ ನೀರು ಕೆಳಗಿನ ಪ್ಲಾಸ್ಟಿಕ್ ಕೊಳವೆಯಿಂದ ಚರಂಡಿಗೆ ಹೋಗುತ್ತದೆ. ನಿಂತ ನೀರಿಲ್ಲದ್ದರಿಂದ ಲೋಳೆ ಕಟ್ಟುವುದು ಕಡಿಮೆ, ದಿನಾ ತೊಟ್ಟಿ ತುಂಬುವ ಕೆಲಸವಿಲ್ಲ. ಹೊಸ ಹಲಗೆ ಹಾಕಿ, ಹಿಡಿಯನ್ನು ಚಳಿಗಾಲದ ಕಡೆಗೆ ತಿರುಗಿಸಿ, ನಲ್ಲಿ ತೆರೆದು, ಮೊದಲ ಎರಡು ದಿನ ಕೀಲುಗಳಲ್ಲಿ ನೀರು ಜಿನುಗುತ್ತದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಹಳೆಯ ತಾಮ್ರದ ನಲ್ಲಿಗಳು ಅಲ್ಲೇ ಸೋರುತ್ತವೆ. ಕೆಳಗಿನ ಕೊಳವೆ ಕಟ್ಟಿದ್ದರೆ ನೀರು ಫರ್ನೇಸ್ ಒಳಗೆ ಇಳಿದು ದೊಡ್ಡ ಖರ್ಚಿಗೆ ದಾರಿ, ಅದಕ್ಕೆ ಒಂದು ಲೋಟ ನೀರು ಸುರಿದು ಸರಾಗ ಹರಿಯುತ್ತದೆಯೇ ಖಾತ್ರಿ ಮಾಡಿಕೊಳ್ಳಿ. ಗೋಡೆಯ ಮೇಲಿನ ಅಥವಾ ಕೊಳವೆಯ ಮೇಲಿನ ತೇವದ ಗುಂಡಿಯನ್ನು ನಾನು ಕೊಟ್ಟ ಲೆಕ್ಕಕ್ಕೆ ತಿರುಗಿಸಿ. ಹೊರಗಿನ ಚಳಿ ಬದಲಾದಾಗ ಅದನ್ನೂ ಬದಲಿಸಬೇಕು.

ಮಂದ್ರಸ್ಥಾಯಿ (ಬಾಸ್ಟನ್) · ಡಿಸೆಂಬರ್ 18

ಈ ಚರ್ಚೆಯಲ್ಲಿ ವಾದ್ಯಗಳ ಮಾತು ಬಾರದೆ ಇರಬಾರದು. ಹತ್ತು ವರ್ಷದ ಹಿಂದೆ ಮೈಸೂರಿನಿಂದ ತಂದ ನನ್ನ ವೀಣೆ ಮೊದಲ ಜನವರಿಯಲ್ಲೇ ಬಿರುಕು ಬಿಟ್ಟಿತು. ರಾತ್ರಿ ಒಣ ಕಟ್ಟಿಗೆ ಮುರಿದಂತೆ ಸದ್ದು ಕೇಳಿ ಎದ್ದೆ. ಬೆಳಿಗ್ಗೆ ನೋಡಿದರೆ ಕೊಡದ ಮೇಲೆ ಒಂದು ಗೇಣುದ್ದ ಕೂದಲೆಳೆಯಂಥ ಗೆರೆ. ಹಲಸಿನ ಮರ ನಮ್ಮ ಹವೆಯ ತೇವಕ್ಕೆ ಒಗ್ಗಿಕೊಂಡು ಬೆಳೆದದ್ದು, ಇಲ್ಲಿಯ ಶೇ 15ರ ಗಾಳಿಗೆ ಅದು ಕುಗ್ಗುತ್ತದೆ. ವೀಣೆಯ ಸ್ವರದ ಮೆಟ್ಟಿಲುಗಳನ್ನು ಹಿಡಿದಿಟ್ಟ ಮೇಣವೂ ಚಳಿಗೆ ಗಡುಸಾಗಿ ಬಿಟ್ಟುಕೊಳ್ಳುತ್ತದೆ. ಮೃದಂಗ ನುಡಿಸುವ ಗೆಳೆಯರದು ಇನ್ನೊಂದು ಪಾಡು: ಚರ್ಮ ಬಿಗಿದು ಶ್ರುತಿ ಮೇಲೇರುತ್ತದೆ, ಚರ್ಮದ ನಡುವಿನ ಕಪ್ಪು ಕರಣೆ ಬಿರಿದು ಉದುರುತ್ತದೆ.

ವಾದ್ಯಕ್ಕೆ 40ರಿಂದ 50 ಬೇಕು, ಕಿಟಕಿಗೆ 25 ಸಾಕು. ಎರಡನ್ನೂ ಇಡೀ ಮನೆಗೆ ಹೊಂದಿಸಲು ಆಗದು. ನಾನು ಕಂಡುಕೊಂಡ ದಾರಿ, ವೀಣೆಯನ್ನು ಪೆಟ್ಟಿಗೆಯಲ್ಲೇ ಇಟ್ಟು, ಪೆಟ್ಟಿಗೆಯೊಳಗೆ ಗಿಟಾರಿಗೆ ಮಾರುವ ತೇವದ ಪೊಟ್ಟಣಗಳನ್ನೂ ಒಂದು ಚಿಕ್ಕ ಮಾಪಕವನ್ನೂ ಇಡುವುದು. ಪೆಟ್ಟಿಗೆಯನ್ನು ಹೊರಗೋಡೆಗೂ ಬಿಸಿಗಾಳಿಯ ಕಿಂಡಿಗೂ ದೂರ ಇರಿಸುತ್ತೇನೆ. ಆ ಗೆರೆ ಇವತ್ತಿಗೂ ಬೆಳೆದಿಲ್ಲ.

ಹಾನ್‌ದಂಡೆ (ಸೋಲ್) · ಡಿಸೆಂಬರ್ 20

ದಕ್ಷಿಣ ಕೊರಿಯಾದಿಂದ ಒಂದು ಮಾತು, ಇದನ್ನು ಎಲ್ಲರೂ ಓದಲೇಬೇಕು. ಇಲ್ಲಿನ ಚಳಿಗಾಲವೂ ಬಲು ಒಣ, ನೆಲದಡಿಯಿಂದ ಬಿಸಿ ಮಾಡುವ ಮನೆಗಳು, ಹ್ಯೂಮಿಡಿಫೈಯರ್ ಇಲ್ಲದ ಮನೆ ಅಪರೂಪ. 1994ರಿಂದ ಇಲ್ಲಿ ಅದರ ತೊಟ್ಟಿಯ ನೀರಿಗೆ ಬೆರೆಸುವ ಸೋಂಕುನಾಶಕ ದ್ರವ ಮಾರುಕಟ್ಟೆಗೆ ಬಂತು. ಯಂತ್ರ ತೊಳೆಯುವ ಶ್ರಮ ತಪ್ಪುತ್ತದೆ, ಮಗುವಿಗೂ ಕ್ಷೇಮ ಎಂದು ನಂಬಿ ತಾಯಂದಿರು ವರ್ಷಗಟ್ಟಲೆ ಬಳಸಿದರು. 2011ರ ವಸಂತದಲ್ಲಿ ಗರ್ಭಿಣಿಯರೂ ಬಾಣಂತಿಯರೂ ಕಾರಣ ತಿಳಿಯದ ಶ್ವಾಸಕೋಶದ ಕಾಯಿಲೆಯಿಂದ ಸೋಲ್‌ನ ಆಸ್ಪತ್ರೆಗೆ ಒಬ್ಬರ ಹಿಂದೊಬ್ಬರು ದಾಖಲಾದಾಗ ವೈದ್ಯರಿಗೆ ಅನುಮಾನ ಬಂತು. ಅದೇ ವರ್ಷ ಸರ್ಕಾರದ ತನಿಖೆ ಈ ದ್ರವವನ್ನೇ ಬೊಟ್ಟು ಮಾಡಿತು, ಮಾರಾಟ ನಿಂತಿತು. ಅದರಲ್ಲಿದ್ದ ಪಿಎಚ್‌ಎಂಜಿಯಂಥ ರಾಸಾಯನಿಕಗಳು ಅಲ್ಟ್ರಾಸಾನಿಕ್ ಮಂಜಿನೊಡನೆ ನೇರವಾಗಿ ಪುಪ್ಪುಸದ ಆಳಕ್ಕೆ ಇಳಿದಿದ್ದವು. ಸತ್ತವರ ಸಂಖ್ಯೆ ನೂರಾರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು.

ತೊಟ್ಟಿಗೆ ನೀರು ಬಿಟ್ಟು ಏನನ್ನೂ ಹಾಕಬೇಡಿ. ಯಂತ್ರವನ್ನು ತೊಳೆಯುವ ದ್ರವ ಬೇರೆ, ಉಸಿರಾಡುವ ನೀರು ಬೇರೆ. ನಾನಂತೂ ರಾತ್ರಿ ಒಗೆದ ಬಟ್ಟೆಗಳನ್ನು ಕೋಣೆಯಲ್ಲೇ ಹರವುತ್ತೇನೆ. ವಾಷಿಂಗ್ ಮಷೀನಿನಲ್ಲಿ ಹಿಂಡಿದ ಮೇಲೂ ಒಂದು ಸುತ್ತಿನ ಬಟ್ಟೆಯಲ್ಲಿ ಒಂದೆರಡು ಲೀಟರ್ ನೀರು ಉಳಿದಿರುತ್ತದೆ, ಒಂದು ಕೋಣೆಗೆ ಒಂದು ರಾತ್ರಿಗೆ ಅದೇ ಧಾರಾಳ.

ಮಲ್ಲಿಗೆಬಳ್ಳಿ · ಡಿಸೆಂಬರ್ 20

ಹಾನ್‌ದಂಡೆಯವರು ಬರೆದದ್ದಕ್ಕೆ ಕೈಮುಗಿಯುತ್ತೇನೆ. ನಮ್ಮವರ ಮನೆಗಳಲ್ಲಿ ಇದರ ಇನ್ನೊಂದು ರೂಪವಿದೆ: ನೆಗಡಿಯಾದ ಮಗುವಿಗೆ ಒಳ್ಳೆಯದಾಗಲೆಂದು ನೀಲಗಿರಿ ಎಣ್ಣೆಯನ್ನೋ ಕರ್ಪೂರವನ್ನೋ ತೊಟ್ಟಿಗೆ ಹಾಕುವುದು. ಇದೂ ಬೇಡ. ಚಿಕ್ಕ ಮಕ್ಕಳ ಶ್ವಾಸನಾಳ ಅದನ್ನು ತಾಳುವುದಿಲ್ಲ.

ಜಯನಗರದವನು (ಬೆಂಗಳೂರು) · ಡಿಸೆಂಬರ್ 22

ಬೆಂಗಳೂರಿನಲ್ಲೂ ಈಗ ಬೆಳಿಗ್ಗೆ 15 ಡಿಗ್ರಿ. ತುಟಿ ಒಡೆಯುತ್ತದೆ. ನಾವೂ ಒಂದು ಕೊಳ್ಳಬೇಕೇ?

ಬಿಳಿಹೊಲ · ಡಿಸೆಂಬರ್ 22

ಬೇಡ ಸರ್. 15 ಡಿಗ್ರಿಯ ಗಾಳಿ ಘನ ಮೀಟರಿಗೆ 12 ಗ್ರಾಂಗೂ ಹೆಚ್ಚು ನೀರಾವಿ ಹಿಡಿಯುತ್ತದೆ, ನೀವು ಅದನ್ನು ಹೀಟರಿನಿಂದ ಬಿಸಿ ಮಾಡುತ್ತಲೂ ಇಲ್ಲ. ತುಟಿಗೆ ತುಪ್ಪ ಸವರಿದರೆ ಸಾಕು. ಮಾಪಕ ತಂದು ನೋಡಿ, 30ರ ಕೆಳಗೆ ಇಳಿದರೆ ಆಗ ಯೋಚಿಸೋಣ. ಸಂಬಂಧಿಕರು ಲೇಹ್‌ನಲ್ಲಿ ಸೇನೆಯಲ್ಲೋ ಶಿಮ್ಲಾದಲ್ಲೋ ಇದ್ದು ಕೋಣೆಯಲ್ಲಿ ಹೀಟರ್ ಉರಿಸುತ್ತಿದ್ದರೆ ಈ ಚರ್ಚೆಯೆಲ್ಲ ಅವರಿಗೆ ಅನ್ವಯಿಸುತ್ತದೆ.

ಹಳೆಸೇತುವೆ · ಡಿಸೆಂಬರ್ 27

ತೊಳೆಯುವ ಬಗ್ಗೆ ಬರೆಯುತ್ತೇನೆ ಎಂದಿದ್ದೆ, ರಜೆಯಲ್ಲಿ ಈಗ ಬಿಡುವಾಯಿತು. ಕೊಳ್ಳುವಾಗಲೇ ಅಂಗಡಿಯಲ್ಲಿ ತೊಟ್ಟಿಯ ಮುಚ್ಚಳ ತೆಗೆದು ನಿಮ್ಮ ಕೈ ಒಳಗೆ ಹಾಕಿ ನೋಡಿ. ಕೈ ತಳಕ್ಕೆ ಮುಟ್ಟದಿದ್ದರೆ ಆ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ. ಹೂಜಿಯಂತೆ ಕಿರಿದಾದ ಬಾಯಿಯ ತೊಟ್ಟಿಗಳನ್ನು ಯಾರೂ ಸರಿಯಾಗಿ ತೊಳೆಯಲಾರರು. ಮೊಬೈಲಿನಿಂದ ನಡೆಸುವುದು, ಬಣ್ಣದ ದೀಪ, ಇವೆಲ್ಲಕ್ಕಿಂತ ನನಗೆ ಇದೇ ಮುಖ್ಯ.

ನಾನು ಬೆಳಿಗ್ಗೆ ಕಾಫಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮಾಡುವ ಕೆಲಸ: ಪ್ಲಗ್ ತೆಗೆದು, ಉಳಿದ ನೀರು ಚೆಲ್ಲಿ, ತೊಟ್ಟಿಯನ್ನೂ ತಳದ ತಟ್ಟೆಯನ್ನೂ ಒಣಬಟ್ಟೆಯಿಂದ ಒರೆಸಿ ತೆರೆದಿಡುವುದು. ರಾತ್ರಿ ಹೊಸ ನೀರು. ನಿನ್ನೆಯ ನೀರಿನ ಮೇಲೆ ಇವತ್ತಿನದನ್ನು ತುಂಬುವುದೇ ಎಲ್ಲ ರೋಗಕ್ಕೂ ಮೂಲ. ಒಂದು ದಿನ ಬಿಟ್ಟು ಒಳಗೋಡೆಯ ಮೇಲೆ ಬೆರಳಾಡಿಸಿ ನೋಡಿ, ಬೆಂಡೆಕಾಯಿ ಹೆಚ್ಚಿದ ಕೈಯಂತೆ ಜಾರುತ್ತದೆ. ಆ ಲೋಳೆಯಲ್ಲಿ ಬೆಳೆದದ್ದನ್ನು ತಿಂಗಳುಗಟ್ಟಲೆ ಉಸಿರಾಡಿದವರಿಗೆ ಜ್ವರ, ಕೆಮ್ಮು, ಮೈಕೈ ನೋವು ಬರುತ್ತದೆ. ಅದಕ್ಕೆ ಹ್ಯೂಮಿಡಿಫೈಯರ್ ಜ್ವರ ಎಂದೇ ಹೆಸರಿದೆ.

ಮೂರು ದಿನಕ್ಕೊಮ್ಮೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ತಳದಲ್ಲಿ ಅರ್ಧ ಗಂಟೆ ನಿಲ್ಲಿಸುತ್ತೇನೆ. ಸುಣ್ಣ ಗುಳ್ಳೆಯೆಬ್ಬಿಸುತ್ತ ಬಿಟ್ಟುಕೊಳ್ಳುತ್ತದೆ. ವಿನೆಗರ್ ವಾಸನೆ ಆಗದವರು ನಿಂಬೆ ಉಪ್ಪು ಕರಗಿಸಿದ ಬಿಸಿನೀರು ಬಳಸಬಹುದು, ನನಗೆ ಈಗ ಅದೇ ಇಷ್ಟ. ಅಲ್ಟ್ರಾಸಾನಿಕ್ ಬಿಲ್ಲೆಯನ್ನು ಮೆತ್ತನೆಯ ಬ್ರಶ್ಶಿನಿಂದಷ್ಟೇ ತಿಕ್ಕಿ, ಚಾಕು ಉಗುರು ತಾಗಿಸಬೇಡಿ. ಸುಣ್ಣ ಹೋದ ಮೇಲೆ ಚೆನ್ನಾಗಿ ಗಲಬರಿಸಿ. ವಾರಕ್ಕೊಮ್ಮೆ ಸೋಂಕು ತೆಗೆಯಲು ಒಂದು ಗ್ಯಾಲನ್ ನೀರಿಗೆ ಒಂದು ಟೀ ಚಮಚ ಬ್ಲೀಚ್ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ತೊಳೆಯುತ್ತೇನೆ. ವಿನೆಗರ್ ಮತ್ತು ಬ್ಲೀಚ್ ಎಂದಿಗೂ ಒಟ್ಟಿಗೆ ಸೇರಬಾರದು, ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚ್ ಹಾಕುವ ದಿನ ವಿನೆಗರ್ ಮುಟ್ಟುವುದೇ ಇಲ್ಲ, ದಿನವನ್ನೇ ಬೇರೆ ಮಾಡಿಕೊಂಡಿದ್ದೇನೆ.

ಬತ್ತಿಯನ್ನು ಪ್ರತಿ ಸಲ ನೀರು ತುಂಬುವಾಗ ತಲೆಕೆಳಗು ಮಾಡಿಡಿ, ಸುಣ್ಣ ಒಂದೇ ಕಡೆ ಕಟ್ಟುವುದಿಲ್ಲ. ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ, ಬಟ್ಟೆಯಂತೆ ಹಿಂಡಬೇಡಿ. ಮೇಲ್ತುದಿ ಒಣಗಿಯೇ ಉಳಿದರೆ, ಹಪ್ಪಳದಂತೆ ಬಿರುಸಾದರೆ, ಅಥವಾ ಹುಳಿ ವಾಸನೆ ಬಂದರೆ ಆ ಬತ್ತಿಯ ಕೆಲಸ ಮುಗಿಯಿತು.

ಎಷ್ಟು ದೊಡ್ಡದು ಬೇಕು ಎಂಬುದಕ್ಕೂ ಲೆಕ್ಕವಿದೆ. 35 ಘನ ಮೀಟರ್‌ನ ಮಲಗುವ ಕೋಣೆಯ ಗಾಳಿ ಎರಡು ಗಂಟೆಗೊಮ್ಮೆ ಬದಲಾಗುತ್ತದೆ ಎಂದುಕೊಂಡರೆ, ಮೈನಸ್ 20ರಲ್ಲಿ, ಗಾಳಿಕೊಳವೆಯವರ 25ರ ಮಿತಿ ದಾಟಿ ಶೇ 30 ಕಾಯ್ದುಕೊಳ್ಳಲೂ ಗಂಟೆಗೆ ಸುಮಾರು 80 ಗ್ರಾಂ ನೀರು ಸಾಕು. ಎಂಟು ಗಂಟೆಗೆ ಮುಕ್ಕಾಲು ಲೀಟರಿಗಿಂತ ಕಡಿಮೆ. ತುಂಗಾತೀರ ಅವರ ಮನೆಯಲ್ಲಿ ಆದದ್ದು ಇದೇ, ಚಿಕ್ಕ ಕೋಣೆಗೆ ಇಡೀ ಮನೆಯ ಯಂತ್ರ ತಂದು ಪೂರ್ತಿ ತಿರುಗಿಸಿದ್ದು.

ತುಂಗಾತೀರ · ಫೆಬ್ರುವರಿ 9

ಎರಡು ತಿಂಗಳ ವರದಿ ಕೊಡುತ್ತಿದ್ದೇನೆ. ಮಾಲೀಕರು ಜನವರಿ ಮೊದಲ ವಾರದಲ್ಲಿ ಹೊಸ ಹಲಗೆ ಹಾಕಿಸಿ, ಸೋರುತ್ತಿದ್ದ ಪುಟ್ಟ ನಲ್ಲಿಯನ್ನೂ ಬದಲಿಸಿಕೊಟ್ಟರು. ಈಗ ಇಡೀ ಮನೆ 24ರಿಂದ 28ರ ನಡುವೆ ಇರುತ್ತದೆ. ಕಿಟಕಿಗಳ ಸಂದಿಗೆ ಪಟ್ಟಿ ಅಂಟಿಸಿದೆವು. ಅಲ್ಟ್ರಾಸಾನಿಕ್ ಅಂಗಡಿಗೆ ಹಿಂದಿರುಗಿಸಲು ಆಗಲಿಲ್ಲ, ತೀರಾ ಚಳಿಯ ರಾತ್ರಿಗಳಲ್ಲಿ ಮಾತ್ರ ಬಟ್ಟಿ ಇಳಿಸಿದ ನೀರು ಹಾಕಿ, ಮಗನ ಮಂಚದಿಂದ ನಾಲ್ಕು ಅಡಿ ದೂರದಲ್ಲಿ, ಅತಿ ಕಡಿಮೆ ವೇಗದಲ್ಲಿ ಇಡುತ್ತೇನೆ. ಹೊರಗೆ ಮೈನಸ್ 30ಕ್ಕೆ ಇಳಿದ ವಾರ ಎಲ್ಲವನ್ನೂ 18ಕ್ಕೆ ತಗ್ಗಿಸಿದೆ. ಆ ವಾರ ಒಮ್ಮೆ ಮಾತ್ರ ಮೂಗಿನಲ್ಲಿ ರಕ್ತ ಕಂಡಿತು. ಮುಂದಕ್ಕೆ ಬಾಗಿಸಿ 10 ನಿಮಿಷ ಹಿಡಿದೆ, ನಿಂತಿತು.

ಅಮ್ಮ ಈಗ ಒಲೆಯ ಮೇಲೆ ಪಾತ್ರೆ ಇಡುವುದಿಲ್ಲ. ಅವರ ಸೀರೆ, ನಮ್ಮ ಪಂಚೆ, ಟವೆಲ್ಲುಗಳನ್ನು ನಡುಮನೆಯ ಸ್ಟ್ಯಾಂಡಿನ ಮೇಲೆ ಒಣಗಿಸುತ್ತಾರೆ. ಪ್ರತಿ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಮಾಪಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಅಂಕಿ ಬರೆಯುವ ಕೆಲಸ ಅವರೇ ವಹಿಸಿಕೊಂಡಿದ್ದಾರೆ. ನಿನ್ನೆ 22 ಎಂದು ಬರೆದು, ತಕ್ಷಣ ನೆಲಮಾಳಿಗೆಗೆ ಇಳಿದು ನೀರು ಹರಿಯುತ್ತಿದೆಯೇ ನೋಡಿ ಬಾ ಎಂದು ನನ್ನನ್ನು ಕಳುಹಿಸಿದರು. ಹೋಗಿ ನೋಡಿದರೆ ಸಣ್ಣ ಜಾಲರಿಯಲ್ಲಿ ಕಸ ಸಿಕ್ಕಿ ನೀರು ತೊಟ್ಟಿಕ್ಕುವಷ್ಟೇ ಇತ್ತು. ತೆಗೆದು ತೊಳೆದೆ, ಸಂಜೆಗೆ 26 ಆಯಿತು.

ಗಾಳಿಕೊಳವೆ ಸರ್, ಚಳಿ ಮುಗಿದ ಮೇಲೆ ಇವನ್ನು ಏನು ಮಾಡಬೇಕು?

ಗಾಳಿಕೊಳವೆ · ಫೆಬ್ರುವರಿ 10

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಏಪ್ರಿಲ್‌ನಲ್ಲಿ ಫರ್ನೇಸ್ ಓಡುವುದು ನಿಂತಾಗ ಪುಟ್ಟ ನಲ್ಲಿ ಬಂದ್ ಮಾಡಿ, ಗುಂಡಿಯನ್ನು ಪೂರ್ತಿ ಕೆಳಗಿಳಿಸಿ, ಹಿಡಿಯನ್ನು ಬೇಸಿಗೆಯ ಕಡೆಗೆ ತಿರುಗಿಸಿ. ಹಾಗೆ ಮಾಡದಿದ್ದರೆ ಎಸಿ ಹಾಕಿದಾಗ ತಂಪುಗಾಳಿ ಆ ಅಡ್ಡ ಕೊಳವೆಯಲ್ಲೇ ಸುತ್ತುತ್ತದೆ. ಹಲಗೆಯನ್ನು ಆಗಲೇ ತೆಗೆದು ಎಸೆಯಿರಿ, ಒದ್ದೆ ಹಲಗೆ ಬೇಸಿಗೆಯೆಲ್ಲ ಒಳಗೆ ಇದ್ದರೆ ಬೂಷ್ಟು ಹಿಡಿಯುತ್ತದೆ. ಅಲ್ಟ್ರಾಸಾನಿಕ್‌ನ ತೊಟ್ಟಿ ತೊಳೆದು, ಎರಡು ದಿನ ಬಿಸಿಲು ಬೀಳುವ ಕಡೆ ಮುಚ್ಚಳವಿಲ್ಲದೆ ಒಣಗಿಸಿ, ಆಮೇಲೆ ಪೆಟ್ಟಿಗೆಗೆ ಹಾಕಿ. ಅಕ್ಟೋಬರ್‌ಗೆ ಹೊಸ ಹಲಗೆ ಬೇಕಾಗುತ್ತದೆ, ಮುಚ್ಚಳದ ಒಳಬದಿಯಲ್ಲಿ ಅದರ ಮಾದರಿ ಸಂಖ್ಯೆ ಅಂಟಿಸಿರುತ್ತಾರೆ. ಅದನ್ನು ಅಮ್ಮನವರ ಕ್ಯಾಲೆಂಡರಿನಲ್ಲೇ ಬರೆದಿಡಿ.